ಫ್ಯೂಸ್ ಕಿತ್ತು ಆರಿಸಿದ ಎಡಿಟರ್

ಬೆಳಗ್ಗೆ ಚಂದ್ರವಳ್ಳಿ ಕಡೆ ನಡೆಯಲು ಹೋದಾಗ ನಾನು ಕೆಲಸ ಮಾಡಿದ ವಿದ್ಯಾಸಂಸ್ಥೆಯಲ್ಲಿ ಓದಿದ ಹುಡುಗ ಹುಡುಗಿಯರು ಆಗಾಗ ಸಿಗುತ್ತಾರೆ. ಅವರಲ್ಲಿ ಕೆಲವರು ಈಗ ವೆಬ್‌ಸೈಟ್ ಮಾಡುವ ಕೆಲಸಕ್ಕೆ ಸೇರಿದ್ದಾರೆ. ‘ಸಾರ್, ವೆಬ್ ಪೇಜ್ ಬರೆಯೋಕೆ ಯಾವ ಎಡಿಟರ್ ಒಳ್ಳೇದು?’ ಎಂದು ಕೇಳುತ್ತಾರೆ. ಎಡಿಟರ್ ಎಂದರೆ ಪುಟ ಬರೆಯಲು ಬಳಸುವ ಸಾಫ್ಟ್‌ವೇರ್. ‘ನೀನು ಕುಂತ್ಕಂಡು ಕೆಲಸ ಮಾಡೋ ಕಡೆ ಕರೆಂಟು ಹೆಂಗೈತೆ?’ ಎಂದು ನಾನು ತಿರುಗಿ ಕೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಮುದುಕನಿಗೆ ಅರಳು ಮರಳು ಎಂದುಕೊಳ್ಳುತ್ತಾರೋ ಏನೋ.

ನಗಲಿ, ಬೇಜಾರಿಲ್ಲ. ಆದರೆ ನನ್ನ ಉದ್ಯೋಗವೆಲ್ಲ ಆ ಪ್ರಶ್ನೆಯ ಸುತ್ತಲೇ ಕಳೆದುಹೋಯಿತು. ಯಾವಾಗ ಯಾವ ಹುದ್ದೆಗೆ ಏರಿದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯಲು ಹೋಗುವುದಿಲ್ಲ. ಬರೆದರೆ ನನಗೇ ನಿದ್ದೆ ಬರುತ್ತದೆ. ಈ ಕೆಲಸದಲ್ಲಿ ಎಂಥೆಂಥ ಭಯ ಕಾಡುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ, ಅದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ನಾನು ಹುಟ್ಟಾ ಅಂಜುಬುರುಕ. ತುರುವನೂರಿನಲ್ಲಿ ನಮ್ಮವ್ವ ಹೇಳುತ್ತಿದ್ದಳು, ‘ನಮ್ ಪರಮೇಶಿ ಮೋಡ ಕಂಡ್ರೇನೇ ನೆಂದೋಗ್ತಾನೆ’ ಅಂತ. ಅಂಥವನು ಕಂಪ್ಯೂಟರ್ ಕೆಲಸಕ್ಕೆ ಬಂದರೆ ಏನಾಗಬೇಕೋ ಅದೇ ಆಯಿತು. ತೊಂಬತ್ತರ ದಶಕದಲ್ಲಿ ಚಿತ್ರದುರ್ಗದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಒಂದು ದಿನ ಹೊಸದುರ್ಗದ ಕಡೆಯವರ ಮದುವೆ ಪತ್ರಿಕೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಪರದೆಯ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಗಡಿಬಿಡಿಯಲ್ಲಿ ಎರಡನೇ ಸಲ ಟೈಪ್ ಮಾಡುವಾಗ ‘ಸುಖಾಗಮನ ಬಯಸುವವರು’ ಎಂಬಲ್ಲಿ ವರನ ದೊಡ್ಡಪ್ಪನ ಹೆಸರೇ ಬಿಟ್ಟುಹೋಯಿತು. ಪತ್ರಿಕೆ ಅಚ್ಚಾದ ಮೇಲೆ ಆ ದೊಡ್ಡಪ್ಪ ಪ್ರೆಸ್ಸಿಗೇ ಬಂದು, ‘ನಾನು ಸುಖಾಗಮನ ಬಯಸಂಗಿಲ್ಲೇನಪ್ಪ? ಹಂಗಾರೆ ಮದುವೆಗೂ ಬರಂಗಿಲ್ಲ ಬಿಡು’ ಎಂದರು. ಮಾಲೀಕರು ಅವರನ್ನು ಕೂರಿಸಿ ಮೈಸೂರುಪಾಕು ತಿನ್ನಿಸಿ ಸಮಾಧಾನ ಮಾಡಿದರು. ಅಂದಿನಿಂದ ನನ್ನ ಬೆರಳುಗಳಿಗೆ ಒಂದು ರೋಗ ಅಂಟಿಕೊಂಡಿತು. ಒಂದು ಸಾಲು ಬರೆದರೆ ಸಾಕು, ಅವು ತಾವಾಗಿಯೇ ‘ಸೇವ್’ ಒತ್ತುತ್ತವೆ. ಈಗ ಮೊಮ್ಮಗಳ ಮೊಬೈಲಿನಲ್ಲಿ ಬರೆಯುವಾಗಲೂ ಸೇವ್ ಎಲ್ಲಿದೆ ಎಂದು ಹುಡುಕುತ್ತೇನೆ.

ಆಮೇಲೆ ನಾನು ಒಂದು ಖಾಸಗಿ ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದೆ. ಸಂಸ್ಥೆಯ ಮುಖ್ಯ ಕಚೇರಿ ಚಿತ್ರದುರ್ಗದಲ್ಲಿ, ಶಾಖೆಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲರೂ ಮಾಡಿಸುತ್ತಾರೆಂದು ನಮ್ಮವರೂ ವೆಬ್‌ಸೈಟ್ ಮಾಡಿಸಿದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಿತ್ತು. ಒಂದೊಂದು ಶಾಖೆಯಲ್ಲಿ ಒಬ್ಬೊಬ್ಬರು ಕೂತು ತಮ್ಮ ಊರಿನ ಪುಟ ಬರೆಯಬೇಕು. ಹೊಸದುರ್ಗಕ್ಕೆ ಬಸವರಾಜು ಎಂಬ ಬಣ್ಣದ ಹುಚ್ಚಿನ ಯುವಕ. ಹೊಳಲ್ಕೆರೆಗೆ ರಾಜಣ್ಣ, ನಿವೃತ್ತಿಗೆ ಹತ್ತಿರವಾಗಿದ್ದ ಗುಮಾಸ್ತರು, ಎರಡೇ ಬೆರಳಿನಲ್ಲಿ ಟೈಪ್ ಮಾಡುವವರು. ಹಿರಿಯೂರಿಗೆ ಮಂಜುಳ. ಅವಳು ಐಮಂಗಲದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಅವಳದು ಕಾಯಂ ಕೆಲಸವಲ್ಲ. ಪ್ರತಿ ವರ್ಷ ಹೊಸ ಆರ್ಡರ್ ಆಗಬೇಕು, ಅದಕ್ಕೆ ಕಾರ್ಯದರ್ಶಿಯವರ ಸಹಿ ಬೀಳಬೇಕು. ಮನೆಯಲ್ಲಿ ಓದುವ ಇಬ್ಬರು ತಮ್ಮಂದಿರು. ಸಂಬಳ ತರುವವಳು ಅವಳೊಬ್ಬಳೇ.

ಮೊದಮೊದಲು ಕನ್ನಡವನ್ನು ಚಿತ್ರ ಮಾಡಿ ಪುಟಕ್ಕೆ ಅಂಟಿಸುತ್ತಿದ್ದೆವು. ಒಂದು ಒತ್ತಕ್ಷರ ತಪ್ಪಿದರೆ ಇಡೀ ಚಿತ್ರ ಮತ್ತೆ ಮಾಡಬೇಕು. ಆಮೇಲೆ ಯೂನಿಕೋಡ್ ಬಂದು ಕನ್ನಡವನ್ನು ಕನ್ನಡವಾಗಿಯೇ ಬರೆಯುವ ಹಾಗಾಯಿತು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಸಂತೋಷದ ಹಿಂದೆಯೇ ಹೊಸ ಭಯ ಬಂತು. ಬಸವರಾಜು ಒಂದು ದಿನ ಹೊಸದುರ್ಗದ ಪುಟವನ್ನು ವಿಂಡೋಸ್ ಜೊತೆಗೇ ಬರುವ ಸಾದಾ ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದ. ಹೀಗೆ ಸೇವ್ ಮಾಡಿದರೆ ಅಕ್ಷರ ಕೆಡುತ್ತವೆ ಎಂದು ಅದು ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಬಸವರಾಜು ಏನು ಕೇಳಿದರೂ ‘ಓಕೆ’ ಒತ್ತುವವನು. ಮಾರನೆಯ ದಿನ ಪುಟ ತೆರೆದರೆ ಕನ್ನಡವಿದ್ದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ, ಸಾಲು ಸಾಲಾಗಿ. ಅಲ್ಲಿನ ಪ್ರಿನ್ಸಿಪಾಲರು ಫೋನ್ ಮಾಡಿ, ‘ಬರೀ ಪ್ರಶ್ನೆ ಕೇಳೀರಲ್ರಿ, ಉತ್ತರ ಎಲ್ಲಿ ಬರ್ದೀರಿ?’ ಎಂದರು. ಅವರು ತಮಾಷೆಗೆ ಹೇಳಿದ್ದು. ನಾನು ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ನಮ್ಮ ಕಾರ್ಯದರ್ಶಿ ತಿಪ್ಪೇಸ್ವಾಮಿಯವರು. ಕೆಟ್ಟವರಲ್ಲ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪ್ರಶ್ನಾರ್ಥಕದ ಪ್ರಕರಣ ಅವರ ಕಿವಿಗೆ ಬಿದ್ದದ್ದೇ ತಡ, ಯಾರದೋ ಮಾತು ಕೇಳಿ ಬೆಂಗಳೂರಿನಿಂದ ದೊಡ್ಡದೊಂದು ಸಾಫ್ಟ್‌ವೇರ್ ತರಿಸಿ ಎಲ್ಲ ಶಾಖೆಗೂ ಹಾಕಿಸಿದರು. ಅದರಲ್ಲಿ ಪುಟ ಬರೆಯುವುದೇ ಬೇಡ, ಮೌಸ್ ಎಂಬ ಇಲಿಯನ್ನು ಆಡಿಸಿದರೆ ಪುಟ ತಾನೇ ತಯಾರಾಗುತ್ತದೆ ಎಂದು ಹೇಳಿದ್ದರು. ಹೊಸ ಯಂತ್ರಗಳಲ್ಲಿ ಅದು ಚೆನ್ನಾಗಿಯೇ ಇತ್ತೋ ಏನೋ. ನಮ್ಮ ಶಾಖೆಗಳ ಯಂತ್ರಗಳು ಹಳೆಯವು, ಮೆಮೊರಿ ಕಡಿಮೆ. ರಾಜಣ್ಣ ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟರು. ಏಳುವುದು ತಡ, ಎದ್ದ ಮೇಲೆ ಉಪಚಾರ ಬೇಕು, ಸಿಟ್ಟು ಬಂದರೆ ಹೇಳದೆ ಕೇಳದೆ ಎದ್ದು ಹೋಗಿಬಿಡುತ್ತದೆ. ಹಿರಿಯೂರಿನಲ್ಲಂತೂ ಅಳಿಯ ಏಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುತ್ತಿತ್ತು.

ಆ ವರ್ಷ ಹಿರಿಯೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗ ಸಿಕ್ಕವರ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಬೇಕಿತ್ತು. ಹಳ್ಳಿಯವರು ಕಾಲೇಜಿನವರೆಗೆ ಬರುವುದು ಬೇಡ, ಬಸ್ ನಿಲ್ದಾಣದ ಹತ್ತಿರದ ಸೈಬರ್ ಸೆಂಟರಿನಲ್ಲೇ ನೋಡಿಕೊಳ್ಳಲಿ ಎಂಬ ಒಳ್ಳೆಯ ಉದ್ದೇಶ. ಮಂಜುಳ ಅಳಿಯನಲ್ಲಿ ಪಟ್ಟಿ ಮಾಡಿ ಕಳಿಸಿದಳು. ಪುಟ ತೆರೆಯಿತು, ಮೇಲೆ ಶೀರ್ಷಿಕೆ, ಕೆಳಗೆ ಹೆಸರುಗಳು, ಎಲ್ಲ ಅಂದವಾಗಿಯೇ ಇತ್ತು. ಆದರೆ ಪಟ್ಟಿ ಅರ್ಧಕ್ಕೆ ನಿಂತುಬಿಟ್ಟಿತ್ತು. ಹೊಸಬರು ಇದನ್ನು ನೆನಪಿಡಬೇಕು. ವೆಬ್ ಪುಟದ ಕಡತ ಮಧ್ಯಕ್ಕೆ ತುಂಡಾದರೆ ಬ್ರೌಸರ್ ದೂರು ಹೇಳುವುದಿಲ್ಲ. ಸಿಕ್ಕಷ್ಟನ್ನು ತೋರಿಸಿ, ಇಷ್ಟೇ ಇರುವುದು ಎಂಬಂತೆ ಸುಮ್ಮನೆ ಕೂರುತ್ತದೆ. ಅದು ತಿಳಿದು ಸರಿಪಡಿಸುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು.

ಒಂದು ವಾರದ ಮೇಲೆ ಐಮಂಗಲದ ಹತ್ತಿರದ ಹಟ್ಟಿಯಿಂದ ಚಿಕ್ಕಣ್ಣ ಎಂಬ ಕುರಿ ಸಾಕುವವನು ಹಿರಿಯೂರಿನ ಕಚೇರಿಗೆ ಬಂದ. ಅಂದು ಕಾರ್ಯದರ್ಶಿಯವರೂ ನಾನೂ ಅಲ್ಲೇ ಇದ್ದೆವು. ಅವನ ಮಗಳು ಗಂಗಮ್ಮನಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ಆದರೆ ಹೇಳಿದ ದಿನದೊಳಗೆ ಬಂದು ಸೇರಲಿಲ್ಲವೆಂದು ಆ ಜಾಗ ಬೇರೆಯವರಿಗೆ ಹೋಗಿತ್ತು. ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಚಿಕ್ಕಣ್ಣ ಕೂಗಾಡಲಿಲ್ಲ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, ‘ಸೈಬರ್‌ನಾಗೆ ನೋಡ್ದೆ ಸಾಮಿ. ಹೆಸ್ರಿರ್ಲಿಲ್ಲ. ಅದ್ಕೇ ವಾಪಸ್ ಹೋದೆ’ ಎಂದ.

‘ಪಟ್ಟಿ ಪೂರ್ತಿ ಬಂದಿರ್ಲಿಲ್ಲಪ್ಪ. ಸ್ವಲ್ಪ ಕಾಯಬೇಕಿತ್ತು’ ಎಂದು ನಾನು ಏನೋ ಹೇಳಹೋದೆ.

‘ಪೂರ್ತಿ ಬಂದಿಲ್ಲ ಅಂತ ನಮಗೆಂಗ್ ಗೊತ್ತಾಗ್ಬೇಕು ಸಾಮಿ? ನಮ್ಮಟ್ಟ್ಯಾಗೆ ಭಜನೆ ಮಾಡಿದ್ರೂ ಕೊನೀಗೆ ಮಂಗಳ ಹಾಡ್ತೀವಿ. ಮಂಗಳ ಹಾಡಾತನ್ಕ ಯಾರೂ ಏಳಾಕಿಲ್ಲ. ನಿಮ್ ಪಟ್ಟ್ಯಾಗೆ ಅದೆಲ್ಲೈತೆ?’

ಮಂಜುಳ ಬಾಗಿಲ ಹತ್ತಿರ ನಿಂತಿದ್ದಳು. ಗಂಗಮ್ಮ ಆ ವರ್ಷವೆಲ್ಲ ಹಟ್ಟಿಯಿಂದಲೇ ಬಸ್ಸಿನಲ್ಲಿ ಓಡಾಡಿದಳು. ಬಸ್ಸು ತಪ್ಪಿದ ದಿನ ಕಾಲೇಜೂ ತಪ್ಪುತ್ತಿತ್ತು. ಅದೇ ಬಸ್ಸಿನಲ್ಲಿ ಮಂಜುಳಳೂ ಬರುತ್ತಿದ್ದಳು ಎಂಬುದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ದಿನಾ ಆ ಹುಡುಗಿಯ ಪಕ್ಕ ಕೂತು ಬರುವುದು ಎಂಥ ಸಂಕಟವೋ ನೆನೆಸಿಕೊಳ್ಳಿ.

ಕಾರ್ಯದರ್ಶಿಯವರು ಮಾತ್ರ ತಪ್ಪೆಲ್ಲ ಮಂಜುಳಳದೇ ಎಂದು ತೀರ್ಮಾನಿಸಿದರು. ಮುಂದಿನ ವರ್ಷದ ಪಟ್ಟಿಯ ಸಮಯ ಹತ್ತಿರವಾದಾಗ ನನ್ನನ್ನು ಕರೆದರು. ಅವಳ ಆರ್ಡರಿನ ಕಡತ ಅವರ ಮೇಜಿನ ಮೇಲೇ ಇತ್ತು.

‘ಏನ್ರಿ ಪರಮೇಶಪ್ಪ, ಆ ಹುಡುಗಿಗೆ ಇನ್ನೊಂದು ವರ್ಷ ಕೊಡ್ಬೇಕು ಅಂತೀರಲ್ಲ. ಇಷ್ಟ್ ದೊಡ್ಡ ಸಾಫ್ಟ್‌ವೇರ್ ತರಿಸಿಕೊಟ್ರೂ ಒಂದು ಪಟ್ಟಿ ಹಾಕಾಕ್ ಬರ್ಲಿಲ್ಲ.’

‘ಸಾರ್, ಆ ಸಾಫ್ಟ್‌ವೇರು ಹಿರಿಯೂರಿನ ಮೆಷೀನಿಗೆ ಭಾರ ಆಗ್ತೈತೆ. ಸಣ್ಣ ಎಡಿಟರ್ ಒಂದು ಆರಿಸಿಕೊಟ್ರೆ...’

‘ಆರಿಸ್ರಿ. ನಾಲ್ಕೂ ಕಡೆಗೆ ಒಂದೇ ಇರ್ಲಿ. ಈ ಸಲದ ಹಾಸ್ಟೆಲ್ ಪಟ್ಟಿ ಸರಿಯಾಗಿ ಬರ್ಲಿ, ಅವತ್ತೇ ಸಹಿ ಹಾಕ್ತೀನಿ. ಮತ್ತೆ ಅರ್ಧಕ್ಕೆ ನಿಂತ್ರೆ ಈ ಫೈಲು ನನ್ ಮುಂದೆ ತರಬ್ಯಾಡ್ರಿ.’

ಎಡಿಟರ್ ಆರಿಸುವುದೆಂದರೆ ಚಪ್ಪಲಿ ಆರಿಸಿದ ಹಾಗೆ, ಅವರವರ ಕಾಲಿಗೆ ಹಿಡಿಸಿದ್ದು ಎಂದು ಜನ ತಿಳಿಯುತ್ತಾರೆ. ನನ್ನ ಆಯ್ಕೆ ತಪ್ಪಿದರೆ ಐಮಂಗಲದ ಒಂದು ಮನೆಯ ಒಲೆ ಆರುತ್ತದೆ. ಅಂದಿನಿಂದ ಯಾರು ಏನು ಕೇಳಿದರೂ ನನ್ನ ತಲೆಯಲ್ಲಿ ಎಡಿಟರೇ ಓಡುತ್ತಿತ್ತು. ಮನೆಯವಳು ಒಂದು ದಿನ ‘ಸಾರಿಗೆ ಉಪ್ಪಾಗೈತೇನ್ರಿ’ ಅಂದರೆ ‘ಇನ್ನೂ ಸೇವ್ ಮಾಡಿಲ್ಲ’ ಎಂದೆನಂತೆ.

ಒಂದು ಭಾನುವಾರ ಮೂವರನ್ನೂ ಚಿತ್ರದುರ್ಗಕ್ಕೆ ಕರೆಸಿದೆ. ಇಂಟರ್ನೆಟ್ಟಿನಿಂದ ನಾಲ್ಕಾರು ಎಡಿಟರುಗಳನ್ನು ಇಳಿಸಿಟ್ಟಿದ್ದೆ. ಯಾವುದನ್ನು ಹೇಗೆ ಅಳೆಯಬೇಕು ಎಂದು ಒಂದು ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ. ಬಸವರಾಜುವಿಗೆ ಬಣ್ಣ ಬೇಕು. ಕೋಡಿನ ಗುರುತುಗಳು ಒಂದು ಬಣ್ಣ, ನಮ್ಮ ಬರಹ ಒಂದು ಬಣ್ಣ ಇದ್ದರೆ ತಪ್ಪು ಬೇಗ ಕಾಣುತ್ತದೆ ಎಂದು ವಾದ. ಅದು ನಿಜವೇ. ನನಗೆ ಸಾಲಿನ ಸಂಖ್ಯೆ ಬೇಕು. ಮಂಜುಳ ಏನೂ ಕೇಳಲಿಲ್ಲ. ರಾಜಣ್ಣ ನಮ್ಮ ಚರ್ಚೆಯನ್ನೆಲ್ಲ ಕೇಳಿ ಆಕಳಿಸಿ, ‘ಇದೆಲ್ಲ ಯಾಕ್ರಿ? ಹೆಣ್ ನೋಡಾಕ್ ಹೋದಂಗೆ ಬಣ್ಣ ಕೇಳ್ತೀರಲ್ಲ. ನಮ್ ಶತ್ರು ಯಾರು? ಕರೆಂಟು. ಫ್ಯೂಸ್ ಕಿತ್ ನೋಡಾಣ, ಯಾವುದು ಬದುಕ್ತೈತೋ ಅದೇ ಇರ್ಲಿ’ ಎಂದರು.

ಬೇಕೆಂದೇ ಕರೆಂಟು ತೆಗೆಯುವುದೇ! ಆದರೆ ಅವರ ಮಾತಿನಲ್ಲಿ ತೂಕವಿತ್ತು. ಮೂಲೆಗೆ ಹಾಕಿದ್ದ ಅತಿ ಹಳೆಯ ಯಂತ್ರವನ್ನು ತಂದು, ಕರೆಂಟು ಹೋದರೂ ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ ಇಲ್ಲದೆ ನೇರ ಗೋಡೆಯ ಪ್ಲಗ್ಗಿಗೆ ಜೋಡಿಸಿದೆವು. ಮಂಜುಳ ಹಳೆಯ ಪಟ್ಟಿಯನ್ನು ಟೈಪ್ ಮಾಡುತ್ತಾ ಹೋಗಬೇಕು. ರಾಜಣ್ಣ ವರಾಂಡದಲ್ಲಿ ಫ್ಯೂಸ್ ಬೋರ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರಬೇಕು. ಅವರಿಗೆ ಮನಸ್ಸು ಬಂದಾಗ ಹೇಳದೆ ಕೀಳಬೇಕು. ಮತ್ತೆ ಹಾಕಿದ ಮೇಲೆ ಯಂತ್ರ ಎದ್ದು, ಎಡಿಟರ್ ಎದ್ದು, ಬರೆದದ್ದರಲ್ಲಿ ಎಷ್ಟು ಉಳಿದಿದೆ, ಕನ್ನಡ ಕನ್ನಡವಾಗಿಯೇ ಇದೆಯೇ ಎಂದು ನೋಡಬೇಕು.

ನ್ಯಾಯವಾಗಿ ಮೊದಲ ಸರದಿ ಅಳಿಯನಿಗೆ. ಫ್ಯೂಸ್ ಹೋಯಿತು, ಬಂತು. ಅಳಿಯ ಏಳುವಷ್ಟರಲ್ಲಿ ಬಸವರಾಜು ಹೊರಗೆ ಹೋಗಿ ಎಲ್ಲರಿಗೂ ಟೀ ತಂದ, ನಾವು ಕುಡಿದೂ ಆಯಿತು. ಎದ್ದ ಮೇಲೆ ಕಡತ ಹಾಳಾಗಿದೆ ಎಂದಿತು. ಸಾದಾ ನೋಟ್‌ಪ್ಯಾಡು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು, ಆದರೆ ಸೇವ್ ಮಾಡದ ಒಂದು ಅಕ್ಷರವೂ ಉಳಿದಿರಲಿಲ್ಲ. ಬಸವರಾಜು ಮೆಚ್ಚಿದ ಬಣ್ಣಬಣ್ಣದ್ದೊಂದು ಚೆನ್ನಾಗಿತ್ತು. ಆದರೆ ತೆರೆದಾಗಲೆಲ್ಲ ದುಡ್ಡು ಕೊಡಿ ಎಂದು ಗಣಪತಿ ಚಂದಾದವರ ಹಾಗೆ ಅಡ್ಡ ನಿಲ್ಲುತ್ತಿತ್ತು. ಇನ್ನೊಂದು ದೊಡ್ಡ ದೊಡ್ಡವರು ಬಳಸುವಂಥದ್ದು. ಅದರಲ್ಲಿ ಅಕ್ಷರ ಒತ್ತಿದರೆ ಅಕ್ಷರ ಬೀಳದೆ ಸಾಲುಗಳೇ ಮಾಯವಾಗುತ್ತಿದ್ದವು. ಮುಚ್ಚೋಣವೆಂದರೆ ದಾರಿ ಕಾಣದು. ರಾಜಣ್ಣ ಬಾಗಿಲಲ್ಲಿ ಇಣುಕಿ, ‘ಇದ್ರಿಂದ ಹೊರಗ್ ಬರಾಕೂ ಫ್ಯೂಸೇ ಕೀಳ್ಬೇಕೇನ್ರಿ?’ ಎಂದರು. ಕೊನೆಗೆ ಅದನ್ನೇ ಮಾಡಿದೆವು.

ಉಳಿದದ್ದು ಒಂದು ಸಣ್ಣ, ಪುಕ್ಕಟೆ ಎಡಿಟರ್. ರಾಜಣ್ಣ ಫ್ಯೂಸ್ ಕಿತ್ತರು. ಮತ್ತೆ ಹಾಕಿದಾಗ ಅದು ಥಟ್ಟನೆ ತೆರೆದು, ‘ನೀವು ಬರೆಯುತ್ತಿದ್ದದ್ದು ನನ್ನ ಹತ್ತಿರ ಇದೆ, ಕೊಡಲೇ?’ ಎಂಬರ್ಥದಲ್ಲಿ ಕೇಳಿತು. ಕೊಟ್ಟದ್ದರಲ್ಲಿ ಕೊನೆಯ ಒಂದೆರಡು ಹೆಸರು ಬಿಟ್ಟರೆ ಎಲ್ಲವೂ ಇತ್ತು, ಒತ್ತಕ್ಷರ ಸಮೇತ. ಬಣ್ಣವೂ ಇತ್ತು, ಸಾಲಿನ ಸಂಖ್ಯೆಯೂ ಇತ್ತು. ಮಂಜುಳ ಇನ್ನೊಂದು ಕಂಡುಕೊಂಡಳು. ಅದನ್ನು ಯಂತ್ರಕ್ಕೆ ಇನ್‌ಸ್ಟಾಲ್ ಮಾಡಲೇಬೇಕೆಂದಿಲ್ಲ, ಪೆನ್ ಡ್ರೈವಿನೊಳಗೇ ಇಟ್ಟುಕೊಂಡು ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು. ‘ಟಿಫನ್ ಬಾಕ್ಸಿನಂಗೆ ಜೊತೆಗೇ ಒಯ್ಯಬೋದು ಸಾರ್’ ಎಂದಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಕಾರ್ಯದರ್ಶಿಯವರಿಗೆ ಹೇಳಿದಾಗ, ‘ಪುಕ್ಕಟೆ ಸಿಕ್ಕಿದ್ದನ್ನ ನಂಬ್ತೀರೇನ್ರಿ?’ ಎಂದರು. ಅಳಿಯನನ್ನು ತರಿಸಿದವರು ಅವರೇ ಆದ್ದರಿಂದ ನಾನು ಫ್ಯೂಸಿನ ಕಥೆ ಹೇಳಲಿಲ್ಲ. ಕೊನೆಗೆ, ‘ಆಯ್ತು, ನೋಡಾಣ. ಜವಾಬ್ದಾರಿ ನಿಮ್ದು’ ಎಂದರು. ಆ ಮಾತು ಕೇಳಿದ ಮೇಲೆ ನಾನು ಹಿರಿಯೂರಿಗೆ ಎರಡು ಸಲ ಹೋಗಿಬಂದೆ. ಕಂಪ್ಯೂಟರ್ ನೋಡಿದೆ, ಯುಪಿಎಸ್ ನೋಡಿದೆ, ಕೀಬೋರ್ಡಿನ ಧೂಳು ಒರೆಸಿದೆ. ಎರಡನೇ ಸಲ ಹೋದಾಗ ಮಂಜುಳ ಪುಟದ ಕರಡು ತೋರಿಸಿದಳು. ಪಟ್ಟಿಯ ಮೇಲುಗಡೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಕೊನೆಯಲ್ಲಿ ಮಂಗಳ ಎಂದು ಕಾಣುವ ತನಕ ಪಟ್ಟಿ ಮುಗಿದಿಲ್ಲ. ಕಾಣದಿದ್ದರೆ ಹೋಗಬೇಡಿ, ನಮಗೆ ಫೋನ್ ಮಾಡಿ.’ ಅದರ ಕೆಳಗೆ ಕಚೇರಿಯ ನಂಬರು. ಹೆಸರುಗಳೆಲ್ಲ ಮುಗಿದ ಮೇಲೆ, ತೀರಾ ತುದಿಯಲ್ಲಿ, ಹೂವಿನ ಗೆರೆಯ ನಡುವೆ ‘ಮಂಗಳ’.

ನನಗೆ ಹೊಸ ಭಯ ಹಿಡಿಯಿತು. ‘ಇದನ್ನ ಸೆಕ್ರೆಟರಿ ನೋಡಿದ್ರೆ ಏನಂತಾರಮ್ಮ? ಕಾಲೇಜಿನ ವೆಬ್‌ಸೈಟು ಇದು, ಭಜನೆ ಮನೆಯಲ್ಲ.’

‘ಇರ್ಲಿ ಬಿಡ್ರಿ ಸಾರ್. ಗಂಗಮ್ಮ ಈ ಸಲಾನೂ ಅರ್ಜಿ ಹಾಕ್ಯಾಳೆ’ ಎಂದಳು.

ಅದನ್ನು ಹಾಗೆಯೇ ಇರಲು ಬಿಟ್ಟೆ.

ಪಟ್ಟಿಯ ದಿನ ನಾನು ಚಿತ್ರದುರ್ಗದ ಕಚೇರಿಯಲ್ಲಿ ಪರದೆಯ ಮುಂದೆ ಕೂತಿದ್ದೆ. ಹೊಸದುರ್ಗದ್ದು ಬಂತು. ಹೊಳಲ್ಕೆರೆಯದೂ ಬಂತು. ರಾಜಣ್ಣ ಎರಡು ಬೆರಳಿನಲ್ಲೇ ಗೆದ್ದಿದ್ದರು. ಹಿರಿಯೂರಿನದು ಬರಲಿಲ್ಲ. ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿದೆ. ಫೋನ್ ಮಾಡಿದರೆ ಎಂಗೇಜ್ ಸದ್ದು. ಅಲ್ಲಿ ಇಂಟರ್ನೆಟ್ಟೂ ಅದೇ ಫೋನ್ ಲೈನಿನಲ್ಲಿ ಹೋಗಬೇಕಾದ್ದರಿಂದ ಅಪ್‌ಲೋಡ್ ನಡೆಯುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ. ಇನ್ನೊಮ್ಮೆ ರಿಫ್ರೆಶ್ ಮಾಡಿದಾಗ ಪುಟ ಬಂತು. ಅಚ್ಚುಕಟ್ಟಾದ ಶೀರ್ಷಿಕೆ, ಹೆಸರುಗಳು. ಕೆಳಗೆ ಕೆಳಗೆ ಸರಿಸಿದೆ. ‘ಕ’ಕಾರದ ಹೆಸರುಗಳ ಮಧ್ಯದಲ್ಲಿ ಪುಟ ನಿಂತುಹೋಗಿತ್ತು.

ಎಡಿಟರ್ ಬದಲಾಯಿಸಿದರೂ ಅದೇ ಆಯಿತಲ್ಲ! ಮತ್ತೆ ಫೋನ್ ಮಾಡಿದೆ. ಈ ಸಲ ಅಲ್ಲಿನ ಗುಮಾಸ್ತ ಎತ್ತಿದ. ‘ಕರೆಂಟ್ ಹೋಯ್ತು ಸಾರ್. ಕಂಪ್ಯೂಟರು ಯುಪಿಎಸ್ ಮ್ಯಾಲೆ ನಡೀತಿತ್ತು. ಆದ್ರೆ ಮೋಡೆಮ್ಮು ಆರೋಯ್ತು. ಪಟ್ಟಿ ಹೋಗ್ತಾ ಹೋಗ್ತಾ ಅರ್ಧಕ್ಕೆ ಕಟ್ಟಾಯ್ತಂತೆ’ ಎಂದ. ಇಂಟರ್ನೆಟ್ಟನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮಿನ ಪ್ಲಗ್ಗು ಗೋಡೆಯಲ್ಲಿತ್ತು, ಯುಪಿಎಸ್ಸಿನಲ್ಲಲ್ಲ. ಎರಡು ಸಲ ಹೋಗಿ ಕೀಬೋರ್ಡಿನ ಧೂಳು ಒರೆಸಿದ ನನಗೆ ಅದು ಕಂಡಿರಲಿಲ್ಲ. ಫ್ಯೂಸ್ ಕಿತ್ತು ಪರೀಕ್ಷಿಸಿದ ನಾಲ್ವರಿಗೂ ಅದು ಹೊಳೆದಿರಲಿಲ್ಲ. ಹಿಂದಿನ ವರ್ಷವೂ ಪಟ್ಟಿ ತುಂಡಾದದ್ದು ಅಳಿಯನಿಂದಲೋ, ಈ ಮೋಡೆಮ್ಮಿನಿಂದಲೋ, ಇವತ್ತಿಗೂ ನನಗೆ ಗೊತ್ತಿಲ್ಲ.

‘ಮಂಜುಳ ಎಲ್ಲಿ?’ ಎಂದೆ.

‘ಪೆನ್ ಡ್ರೈವ್ ಕಿತ್ಕಂಡು ಓಡೋದ್ಲು ಸಾರ್.’

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಕಾರ್ಯದರ್ಶಿಯವರು. ‘ಏನ್ರಿ, ಹಿರಿಯೂರಿಂದು ಅರ್ಧಕ್ಕೇ ನಿಂತೈತಲ್ರಿ! ನಾನು ಹೇಳ್ಲಿಲ್ವಾ?’ ಎಂದರು. ನಾನು ಎದ್ದು ನಿಂತೆ. ಅವರು ನನ್ನ ಪರದೆಯತ್ತ ಬಗ್ಗಿ ಮೇಲಿನ ಸಾಲು ಓದಿದರು. ‘ಇದೇನ್ರಿ ಇದು, ಮಂಗಳ? ಯಾರ್ ಬರೆಯಾಕ್ ಹೇಳಿದ್ದು?’ ಈಗ ಎರಡನೇ ಅಪರಾಧವೂ ಸೇರಿತು, ಮುಗಿಯಿತು ಕಥೆ ಎಂದುಕೊಂಡೆ. ಅವರೇ ಫೋನೆತ್ತಿ ಹಿರಿಯೂರಿಗೆ ಹಚ್ಚಿದರು. ಬಹಳ ಹೊತ್ತು ಲೈನ್ ಸಿಗಲಿಲ್ಲ. ಸಿಕ್ಕಾಗ ಗುಮಾಸ್ತನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

‘ಫೋನ್ ಇಡಾಕೇ ಬಿಡ್ತಿಲ್ಲ ಸಾರ್ ಜನ. ಎಲ್ರೂ ಮಂಗಳ ಕಾಣಾಕಿಲ್ಲ, ಮಂಗಳ ಕಾಣಾಕಿಲ್ಲ ಅಂತಾರೆ. ಕುಂತ್ಕಳ್ರಿ, ಹೋಗಬ್ಯಾಡ್ರಿ, ಬರ್ತೈತೆ ಅಂತ ಹೇಳ್ತಿದೀನಿ.’

ಕಾರ್ಯದರ್ಶಿಯವರು ಫೋನ್ ಕೆಳಗಿಟ್ಟರು. ನನ್ನ ಕುರ್ಚಿಯಲ್ಲೇ ಕೂತರು. ಹಿಂದಿನ ವರ್ಷ ಚಿಕ್ಕಣ್ಣ ಕೇಳಿದ ಮಾತು ಅವರಿಗೂ ನೆನಪಾಗಿರಬೇಕು. ‘ಹಂಗಾದ್ರೆ ಯಾರೂ ವಾಪಸ್ ಹೋಗಿಲ್ಲ’ ಎಂದರು, ನನಗಲ್ಲ, ತಮಗೇ. ಆಮೇಲೆ ಇಬ್ಬರೂ ಪರದೆಯನ್ನೇ ನೋಡತೊಡಗಿದೆವು. ರಿಫ್ರೆಶ್ ಒತ್ತುವ ಕೆಲಸವನ್ನು ಅವರೇ ವಹಿಸಿಕೊಂಡರು. ಒಮ್ಮೆ ಒತ್ತಿದಾಗ ಪುಟ ಉದ್ದವಾಯಿತು. ಕೆಳಗೆ ಸರಿಸುತ್ತಾ ಸರಿಸುತ್ತಾ ಹೋದರು. ತುದಿಯಲ್ಲಿ, ಹೂವಿನ ಗೆರೆಯ ನಡುವೆ, ‘ಮಂಗಳ’ ಇತ್ತು. ನಾನು ಗೋಡೆಗೆ ಒರಗಿಕೊಂಡೆ.

ಸ್ವಲ್ಪ ಹೊತ್ತಿಗೆ ಮಂಜುಳ ಸೈಬರ್ ಸೆಂಟರಿನಿಂದಲೇ ಫೋನ್ ಮಾಡಿದಳು. ಯುಪಿಎಸ್ ಕೂಗುತ್ತಿರುವಾಗಲೇ ಪಟ್ಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಜನರೇಟರ್ ಇದ್ದ ಆ ಸೈಬರಿಗೆ ಓಡಿದ್ದಳು. ಅಲ್ಲಿನ ಯಂತ್ರದಲ್ಲಿ ನಮ್ಮ ಎಡಿಟರ್ ಇರಲಿಲ್ಲ. ಪೆನ್ ಡ್ರೈವಿನಿಂದಲೇ ಅದನ್ನು ತೆರೆದು, ಪಟ್ಟಿ ಕೊನೆಯ ಸಾಲಿನವರೆಗೂ ಇದೆ ಎಂದು ನೋಡಿಕೊಂಡು ಕಳಿಸಿದ್ದಳು. ಅಳಿಯನಾಗಿದ್ದರೆ ಅವನನ್ನು ಹೊತ್ತುಕೊಂಡು ಓಡಲಾಗುತ್ತಿತ್ತೇ?

‘ಸಾರ್, ಇಲ್ಲಿ ಚಿಕ್ಕಣ್ಣ ಮಾವ ಕುಂತಿದ್ರು. ಬೆಳಗ್ಗೆ ಬಾಗ್ಲು ತೆಗೆದಾಗಿಂದ ಕುಂತಾರಂತೆ. ಜನ ಏಳ್ರಿ, ಬೇರೆಯವ್ರು ನೋಡ್ಬೇಕು ಅಂದ್ರೂ ಎದ್ದಿಲ್ಲ. ನಾನು ಪಟ್ಟಿ ಕಳಿಸಿದ್ ಮ್ಯಾಲೆ, “ಬರ್ರಿ ಮಾವ, ಹೆಸ್ರು ತೋರಿಸ್ತೀನಿ” ಅಂದೆ. “ಮೊದ್ಲು ಮಂಗಳ ತೋರ್ಸು ತಾಯಿ, ಆಮೇಲೆ ಹೆಸ್ರು” ಅಂದ್ರು.’

‘ಹೆಸರು ಇತ್ತೇನಮ್ಮ?’ ಎಂದೆ.

‘ಐತೆ ಸಾರ್. ಗಂಗಮ್ಮ ಐದಾಳೆ.’

ಕಾರ್ಯದರ್ಶಿಯವರು ಎದ್ದು ಹೊರಟರು. ಬಾಗಿಲಲ್ಲಿ ನಿಂತು, ‘ಆ ಹುಡುಗಿ ಆರ್ಡರ್ ಟೈಪ್ ಮಾಡ್ಕೊಂಡ್ ಬರ್ರಿ. ಹಂಗೇ ಆ ಮಂಗಳ ಉಳಿದ ಪುಟಕ್ಕೂ ಹಾ​ಕ್ರಿ’ ಎಂದರು. ಮೋಡೆಮ್ಮಿನ ಪ್ಲಗ್ಗಿನ ಬಗ್ಗೆ ಅವರು ಕೇಳಲಿಲ್ಲ, ಮಾರನೆಯ ದಿನವೇ ನಾಲ್ಕೂ ಕಡೆ ಅದನ್ನು ಯುಪಿಎಸ್ಸಿಗೆ ಹಾಕಿಸಿದೆ.

ಆ ಮೇಲೆ ಎಷ್ಟೋ ಎಡಿಟರುಗಳು ಬಂದವು, ಹೋದವು. ಈಗಿನವು ಇನ್ನೂ ಜಾಣವಂತೆ, ನೀವು ಬರೆಯುವ ಮೊದಲೇ ಮುಂದಿನ ಪದ ಹೇಳುತ್ತವಂತೆ. ಹಗುರವಾದದ್ದನ್ನು ಆರಿಸಿ, ಕನ್ನಡ ಕೆಡಿಸದೆ ಇರುವುದನ್ನು ಆರಿಸಿ, ಒಂದು ಸಲವಾದರೂ ಫ್ಯೂಸ್ ಕಿತ್ತು ನೋಡಿ. ಅಷ್ಟು ಮಾಡಿದ ಮೇಲೂ ಏನೋ ಒಂದು ಪ್ಲಗ್ಗು ಗೋಡೆಯಲ್ಲೇ ಉಳಿದಿರುತ್ತದೆ. ಆಗ ಆ ಕಡೆ ಕೂತವರಿಗೆ ಇನ್ನೂ ಮುಗಿದಿಲ್ಲ ಎಂದು ತಿಳಿಯುವಂತಿರಬೇಕು.

ಅಂದು ಮಂಜುಳಳ ಆರ್ಡರನ್ನು ಆ ಸಣ್ಣ ಎಡಿಟರಿನಲ್ಲೇ ಟೈಪ್ ಮಾಡಿದೆ. ಸಾಲಿಗೊಮ್ಮೆ ಸೇವ್ ಒತ್ತಿದೆ. ಪ್ರಿಂಟ್ ತೆಗೆದು ಕಾರ್ಯದರ್ಶಿಯವರ ಮೇಜಿನ ಮೇಲಿಟ್ಟೆ. ಅವರು ಓದಿದರು, ಪೆನ್ನು ತೆಗೆದರು, ಮತ್ತೆ ನಿಲ್ಲಿಸಿ ನನ್ನ ಕಡೆ ನೋಡಿದರು.

‘ಇದಕ್ಕೆಲ್ರಿ ಮಂಗಳ?’ ಎಂದು ಕೇಳಿ, ಕೊನೆಯ ಸಾಲಿನ ಕೆಳಗೆ ಸಹಿ ಹಾಕಿದರು.